ಇಂಚಿಗೆ ಹದಿಮೂರು ಮರೆ

ಯಡಿಯೂರು ಕೆರೆಯ ಮೇಲೆ ಇನ್ನೂ ಬೆಳಕು ಹರಿದಿಲ್ಲ. ತಗಡಿನ ಶೆಡ್ಡಿನೊಳಗೆ ಚಿಕ್ಕಬೈರಪ್ಪ ಬಿಸಿನೀರು ಚಿಮುಕಿಸಿ ಬಟ್ಟೆಸೋಪು ನಾದುತ್ತಿದ್ದಾರೆ. ಒಗೆಯುವುದಕ್ಕಲ್ಲ. ಎದುರಿಗೆ ಬಿರುಕುಬಿಟ್ಟ ಕಂಚಿನ ಮುಚ್ಚಳವೊಂದಿದೆ. ಅದರ ಒಳಮೈಯ ಸುತ್ತುಗೆರೆಗಳಿಗೆ ಶೆಡ್ಡಿನಲ್ಲಿ ‘ಮರೆ’ ಎನ್ನುತ್ತಾರೆ. ಆ ಮರೆಗೆ ಮೆತ್ತನೆಯ ಸೋಪು ಒತ್ತಿ, ಗಟ್ಟಿಯಾದ ಮೇಲೆ ಅಚ್ಚು ಎಬ್ಬಿಸುತ್ತಾರೆ.

“ನನ್ ಕಣ್ಣು ಒಂದೊಂದ್ಸಲ ಸುಳ್ಳು ಹೇಳ್ತದೆ ಸಾರ್. ಸೋಪು ಹೇಳಲ್ಲ,” ಎಂದು ಪಂಪುಮನೆಯಿಂದ ಬಂದ ಎಂಜಿನಿಯರ್ ಜಯಸಿಂಹರಿಗೆ ಹೇಳುತ್ತಾರೆ.

ಹೆಂಡತಿ ಮಂಗಮ್ಮನ ದೂರೇ ಬೇರೆ: “ತಿಂಗಳಿಗೆ ಎರಡು ಸೋಪು ಇವರ ಕಬ್ಬಿಣಕ್ಕೇ ಹೋಯ್ತದೆ. ಶರ್ಟು ನೋಡಿ, ಹಂಗೇ ಕರ್ರಗೆ.”

ಇದು ಅಂತಿಂಥ ಮುಚ್ಚಳವಲ್ಲ, ಜಯನಗರದ ಮೂರು ಬ್ಲಾಕುಗಳಿಗೆ ನೀರು ತಳ್ಳುವ ವಿಲಾಯತಿ ಪಂಪಿನದು. ಒಡೆದು ಎರಡು ದಿನವಾಯಿತು, ನಲ್ಲಿಗಳಲ್ಲಿ ಹನಿ ನೀರಿಲ್ಲ. ಬೇರೆ ಕಾರ್ಖಾನೆಯವರು ಮಾಡಿಕೊಟ್ಟ ಮುಚ್ಚಳ ಒಂದೂವರೆ ಸುತ್ತು ತಿರುಗಿ ನಿಂತಿತು, ಆಮೇಲೆ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಈಗ ಹೊಸ ಮುಚ್ಚಳಕ್ಕೆಂದು ಉಳಿದಿರುವುದು ಮರೆ ಹಾಕದ ಒಂದೇ ಒಂದು ಎರಕದ ತುಂಡು. ಇದೂ ಕೆಟ್ಟರೆ ಇನ್ನೊಂದು ಎರಕಕ್ಕೆ ಹದಿನೈದು ದಿನ ಕಾಯಬೇಕು.

ಬಡಾವಣೆಗೆ ಹೊಲ ಹೋದ ಮೇಲೆ ಶೆಡ್ಡಿನ ಕಸ ಗುಡಿಸಲು ಸೇರಿದವರು ಚಿಕ್ಕಬೈರಪ್ಪ. ಎರಡನೇ ಮಹಾಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ಬಂದ, ಮರೆ ಕೊರೆಯುವ ಥ್ರೆಡ್ ಮಿಲ್ಲಿಂಗ್ ಯಂತ್ರ ಇಂದು ಅವರ ಮಾತನ್ನಷ್ಟೇ ಕೇಳುತ್ತದೆ. ದಿನಕ್ಕೆ ಅರವತ್ತು ಬಿಡಿಭಾಗಗಳಿಗೆ ಮರೆ ಹಾಕುತ್ತಾರೆ. ಹಾಗೆಂದು ಎಡವದೇ ಕಲಿತವರಲ್ಲ. ಮೆಟ್ರಿಕ್ ಅಳತೆ ಬಂದ ಹೊಸದರಲ್ಲಿ ನಲವತ್ತು ತುಂಡು ಗುಜರಿಗೆ ಹೋದವು. “ಐವತ್ತೈದು ಡಿಗ್ರಿ ಕೋನದ ಹಳೇ ಇಂಗ್ಲಿಷ್ ಮರೆಗೆ ಮೆಟ್ರಿಕ್ಕಿನ ಅರವತ್ತರ ಕಟರ್ ಕೊಟ್ಬಿಟ್ಟಿದ್ದೆ. ಮೂರು ದಿನ ಮುದ್ದೆ ಗಂಟ್ಲಲ್ಲಿ ಇಳೀಲಿಲ್ಲ. ಅವತ್ತಿಂದ ಈ ಸೋಪು.”

ಅಚ್ಚನ್ನು ಬೆಳಕಿಗೆ ಹಿಡಿದು ಮರೆ ಅಳೆಯುವ ಗೇಜು ಇಡುತ್ತಾರೆ. ಇಂಚಿಗೆ ಹನ್ನೆರಡಲ್ಲ, ಹದಿನಾಲ್ಕೂ ಅಲ್ಲ, ಹದಿಮೂರು! ಹಿಂದಿನವರು ಮುಗ್ಗರಿಸಿದ್ದು ಇಲ್ಲೇ. ಬೆಂಚಿನ ಮೇಲೆ ಹಲವು ಸಾಲು ಹಲ್ಲಿನ ಕಟರುಗಳಿವೆ. ಒಂದೇ ಸುತ್ತಿನಲ್ಲಿ ಕೆಲಸ ಮುಗಿಸುತ್ತವೆ ನಿಜ, ಆದರೆ ಅವುಗಳ ಸಾಲಿನ ಅಂತರ ಬದಲಾಗದು, ಹದಿಮೂರರದು ಒಂದೂ ಇಲ್ಲ. ಚಿಕ್ಕಬೈರಪ್ಪ ಒಂದೇ ಸಾಲು ಹಲ್ಲಿನ ಸಣ್ಣ ಕಟರನ್ನು ಆರಿಸಿ, ಐವತ್ತೈದು ಡಿಗ್ರಿಗೆ ಸಾಣೆ ಹಿಡಿದು, ಅಂತರಕ್ಕೆ ತಕ್ಕ ಗೇರು ಜೋಡಿಸುತ್ತಾರೆ.

“ಇನ್ನೂ ಎಷ್ಟೊತ್ತಾಗುತ್ತೆ?” ಜಯಸಿಂಹ ನಿಂತಲ್ಲಿ ನಿಲ್ಲಲಾರರು.

“ಮಧ್ಯಾಹ್ನ ಆಯ್ತದೆ ಸಾರ್. ಒಂದೊಂದೇ ಸುತ್ತು ಹೋಗ್ಬೇಕು. ಹೋಗಿ ಕಾಫಿ ಕುಡ್ಕೊಂಡು ಬನ್ನಿ.”

ಮೂರು ಗಂಟೆಗೆ ಪಂಪುಮನೆಯಲ್ಲಿ ಎಲ್ಲರೂ ಪಂಪಿನ ಸುತ್ತ ನೆರೆದಿದ್ದಾರೆ. ಚಿಕ್ಕಬೈರಪ್ಪ ಎರಡೇ ಬೆರಳಲ್ಲಿ ಮುಚ್ಚಳ ತಿರುಗಿಸುತ್ತಾರೆ. ಒಂದೂವರೆ ಸುತ್ತು ದಾಟುತ್ತದೆ. ಹತ್ತು. ಇಪ್ಪತ್ತು. ತಳಕ್ಕೆ ಹೋಗಿ ಕೂರುತ್ತದೆ. ಪಂಪು ಗುಡುಗುತ್ತದೆ, ಬೀದಿ ನಲ್ಲಿಯಲ್ಲಿ ನೀರು ಧೋ ಎನ್ನುತ್ತದೆ. ಸಾಲಿನ ಮುಂದೆಯೇ ನಿಂತ ಮಂಗಮ್ಮ ಬಿಂದಿಗೆ ಒಡ್ಡಿ ಪಕ್ಕದವರಿಗೆ ಹೇಳುತ್ತಾರೆ: “ನಮ್ಮನೆಯವರೇ ಮಾಡಿದ್ದು. ನಮ್ಮನೆ ಸೋಪಲ್ಲೇ.”

ಜಯಸಿಂಹ ಬೆನ್ನು ತಟ್ಟುತ್ತಾರೆ. “ಮುಚ್ಚಳದ ಮೇಲೆ ನಿಮ್ಮ ಹೆಸರು ಕೆತ್ತಿಬಿಡಿ ಚಿಕ್ಕಬೈರಪ್ಪ.”

ಚಿಕ್ಕಬೈರಪ್ಪ ಸುತ್ತಿಗೆ, ಅಂಕಿಯ ಪಂಚು ತೆಗೆದು ಎರಡೇ ಏಟು ಹಾಕುತ್ತಾರೆ: 13.

“ನನ್ ಹೆಸರು ಕಟ್ಕೊಂಡು ಏನ್ ಮಾಡ್ತಾರೆ ಸಾರ್? ಮುಂದೆ ಯಾರೋ ಇದನ್ನ ಬಿಚ್ತಾರೆ. ಇದೊಂದು ಗೊತ್ತಾದ್ರೆ ಒಂದು ದಿನಾನೂ ನೀರು ನಿಲ್ಲಲ್ಲ.”