ಅಕ್ಕೋರ ಬೆಳಗಿನ ಪೇಪರ್

ಸೀಮೆಸುಣ್ಣ ಹಿಡಿದು ಹಿಡಿದು ಅವರ ತೋರುಬೆರಳು ತುಸು ಬಾಗಿತ್ತು. ನಾಸಿಕದ ನಮ್ಮ ಮರಾಠಿ ಶಾಲೆಯಲ್ಲಿ ಎಲ್ಲರಿಗೂ ಅವರು ಮ್ಯಾಡಂ; ಗದಗಿನ ಕಡೆಯವರೆಂದು ತಿಳಿದ ದಿನದಿಂದ ನಮ್ಮ ಕಡೆ ಟೀಚರನ್ನು ಕರೆಯುವಂತೆ, ನನಗೆ ಮಾತ್ರ ಅಕ್ಕೋರು.

ನನ್ನ ಅಪ್ಪ ಅವ್ವ ಯಾದಗಿರಿಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಶಾಲೆ ಬಿಟ್ಟ ಮೇಲೂ ಕೂರಿಸಿಕೊಂಡು ನನಗೆ ಅಕ್ಷರ ಕೂಡಿಸಿ ಓದಲು ಕಲಿಸಿದವರು ಅಕ್ಕೋರೇ. ಮುಂದೆ ನಾನು ಸಂಭಾಜಿನಗರದಲ್ಲಿ ಶಿಕ್ಷಕಿಯಾದೆ. ನಿವೃತ್ತರಾಗಿ ಅವರೂ ಅದೇ ಊರಿನ ಮಗನ ಮನೆಗೆ ಬಂದರು. ಶಾಲೆಗೆ ಹೋಗುವಾಗ ದಿನವೂ ಅವರನ್ನು ನೋಡಿ ಹೋಗುತ್ತಿದ್ದೆ. ನನ್ನ ತರಗತಿಯ ಮಕ್ಕಳು ಪಾಠವನ್ನು ಮೊಬೈಲಿನಿಂದ ಓದಿಸಿ ಕೇಳುತ್ತಾರೆ, ಉತ್ತರವನ್ನು ಬಾಯಲ್ಲಿ ಹೇಳಿ ಬರೆಸುತ್ತಾರೆ ಎಂದರೆ ಅಕ್ಕೋರಿಗೆ ಸಿಟ್ಟು.

"ಮಶೀನ್ ಓದಿದ್ರ ಹುಡುಗರು ಓದಿದಂಗ ಆಯ್ತೇನು? ಸಾಲಿ ಕಲ್ತವ್ರು ಅಂತ ಹೆಂಗ ಅನ್ನೂದು ಅವರನ್ನ?"

ಕಳೆದ ವರ್ಷ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಕೈಕಾಲು ಸುಧಾರಿಸಿದವು, ಮಾತು ಉಳಿಯಿತು. ಆದರೂ ಬೆಳಿಗ್ಗೆ ಪೇಪರ್ ಬಿಡಿಸಿ ಕೂತವರು ಮೊದಲಿನಂತೆ ಯಾವ ಸುದ್ದಿಗೂ ಜಗಳ ತೆಗೆಯುತ್ತಿರಲಿಲ್ಲ. ಒಂದು ದಿನ ಸುಮ್ಮನೆ ಕೇಳಿದೆ: "ಇವತ್ತು ಏನ್ ಸುದ್ದಿರಿ, ಅಕ್ಕೋರೆ?"

ಅವರು ಪೇಪರ್ ಮಡಚಿದರು. "ಬಾಗಲಾ ಹಾಕು" ಎಂದರು. ಹಾಕಿದೆ.

"ಎಲ್ಲಾ ಇರುವಿ ಹರದಂಗ ಕಾಣ್ತದ, ತಂಗಿ. ಒಂದಕ್ಷರಾನೂ ತಿಳಿಯಂಗಿಲ್ಲ. ನಾ ಹೆಬ್ಬೆಟ್ಟಾದೆ. ಯಾರ ಮುಂದೂ ಹೇಳಬ್ಯಾಡ."

ಏನಾದರೂ ಓದಿ ಹೇಳಿ ಎಂದರೆ ಮನೆಯವರಿಗೆ ಕನ್ನಡಕದ ನೆಪ ಹೇಳುತ್ತಿದ್ದರಂತೆ.  ಅವರ ಮೊಬೈಲಿನಲ್ಲೇ ಸುದ್ದಿ ಓದಿಸಲು ಹಚ್ಚಿದೆ. ಅಕ್ಕೋರು ಗೋಡೆಯ ಕಡೆಗೆ ಮುಖ ತಿರುಗಿಸಿದರು. ಲಾಸಲಗಾಂವಿನ ಈರುಳ್ಳಿ ಸುದ್ದಿ ಮುಗಿದು ಯೇವಲಾದ ನೇಕಾರರ ಸುದ್ದಿ ಬಂತು. ತಟ್ಟನೆ ತಿರುಗಿದರು.

"ತಡಿ. ಮತ್ತೊಮ್ಮೆ ಹಚ್ಚು. ಮೊದಲು ಸೀರಿ ಮಾರಾಟ ಹೆಚ್ಚಾತು ಅಂತು, ಈಗ ಮಗ್ಗ ನಿಂತಾವು ಅಂತದಲ್ಲ! ಬರದವರು ಯಾರದು?"

ಅದೇ ಹಳೆಯ ಜಗಳಗಂಟಿ ದನಿ. ಅಂದಿನಿಂದ ದಿನವೂ ಕೇಳಿದರು, ನಿಲ್ಲಿಸಿ ತಕರಾರು ಮಾಡಿದರು. ಸೊಸೆಯ ಹೆಜ್ಜೆ ಸಪ್ಪಳವಾದರೆ ಮಾತ್ರ ಮೊಬೈಲನ್ನು ದಿಂಬಿನಡಿ ತಳ್ಳಿ, ತಿಳಿಯದ ಪೇಪರನ್ನು ಮುಖಕ್ಕೆ ಹಿಡಿಯುತ್ತಿದ್ದರು. ಆಗ ಅವರ ಕಿವಿ ಕೆಂಪಾಗುತ್ತಿತ್ತು. ನಾನು ಕಿಟಕಿಯ ಕಡೆ ನೋಡುತ್ತಿದ್ದೆ.

ದೀಪಾವಳಿಗೆ ಮೊದಲೇ ಅಕ್ಕೋರು ಹೋದರು. ಬಂದವರ ಮುಂದೆ ಸೊಸೆ ಅಳುತ್ತಾ ಹೇಳಿದಳು: "ನಮ್ಮತ್ತಿ ಕೊನೀತನಕಾ ಪೇಪರ್ ಓದೂದು ಬಿಡಲಿಲ್ರಿ. ಅಲ್ರೀ ಟೀಚರ್?"

"ಹೌದ್ರಿ" ಎಂದೆ, ತಲೆ ಎತ್ತದೆ.

ಕಿವಿಯಿಂದ ಓದಿದರು ಎನ್ನಬಹುದಿತ್ತು. ಅದೂ ಓದೇ ಎಂದು ನಾನು ನನ್ನ ತರಗತಿಯ ಮಕ್ಕಳಿಗೆ ದಿನವೂ ಹೇಳುತ್ತೇನೆ. ನನಗೆ ಓದು ಕೊಟ್ಟವರ ವಿಷಯದಲ್ಲಿ ಮಾತ್ರ, ನಾಲ್ಕು ಜನರ ಮುಂದೆ, ನನ್ನ ನಾಲಿಗೆ ಹೊರಳಲಿಲ್ಲ.