ಮುದ್ದಪ್ಪನ ಕತ್ತಿನ ತೂತು

ಐಮಂಗಲದ ಕುರಿಗಾಹಿ ಮುದ್ದಪ್ಪ ಈಗ ಕಂಬಳಿಯ ಜೊತೆಗೆ ತನ್ನ ಕತ್ತಿನ ಸ್ಕ್ಯಾನಿಂಗ್ ಫಿಲ್ಮನ್ನೂ ಹೊತ್ತೇ ಮನೆ ಬಿಡುತ್ತಾನೆ. ಬಸ್ಸಿನಲ್ಲಿ ಪಕ್ಕಕ್ಕೆ ಯಾರೇ ಕೂರಲಿ, ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು, "ನೋಡ್ರಿ, ಮೂಳೆ ಮೂಳೆ ನಡುವೆ ತೂತು ಐತೆ, ಅದರಾಗಿಂದ ನರ ಹೊರಗೆ ಬಂದು ಕೈಗೆ ಇಳೀತೈತೆ. ನಂದೊಂದು ತೂತು ಕಟ್ಟೈತೆ, ಅದಕ್ಕೇ ಬಲಗೈ ಜೋಮು" ಎಂದು ಪಾಠ ಶುರು ಮಾಡುತ್ತಾನೆ. ಕುರಿ ಕುಯ್ದು ಮಾಂಸವನ್ನು ಗುಡ್ಡೆ ಗುಡ್ಡೆ ಪಾಲು ಹಾಕಿದವನಿಗೆ, ಕುರಿಗಾದರೂ ಮನುಷ್ಯನಿಗಾದರೂ ಕತ್ತಿನಲ್ಲಿ ಏಳೇ ಮೂಳೆ ಎಂದು ಯಾರೂ ಕಲಿಸಬೇಕಿಲ್ಲ. ಅವನ ತಲೆ ಕೆಟ್ಟಿರುವುದು ಬೇರೆಯದಕ್ಕೆ. ಒಬ್ಬ ಡಾಕ್ಟರು ಆರನೇ ಮೂಳೆಯ ಕೆಳಗೆ ಆಪರೇಷನ್ ಎಂದರು, ಇನ್ನೊಬ್ಬರು ಏಳನೇ ನರಕ್ಕೆ ಎಂದರು. "ಆರೋ ಏಳೋ? ತಪ್ಪಿದ ತೂತಿಗೆ ಕತ್ತಿ ಬಿದ್ರೆ ನಂಗೆ ಕೈ ಯಾರು ಕೊಡ್ತಾರ್ರಿ?" ಎಂದು ಎರಡು ಸಲ ಆಪರೇಷನ್ನಿನ ತಾರೀಖು ತಪ್ಪಿಸಿದ್ದಾನೆ. ಇಬ್ಬರೂ ಹೇಳಿದ್ದು ಒಂದೇ ತೂತನ್ನು. ಆರು ಮತ್ತು ಏಳನೇ ಮೂಳೆಯ ನಡುವಿನಿಂದ ಹೊರಡುವ ನರಕ್ಕೇ ಏಳನೆಯದೆಂದು ಹೆಸರು. ಇಷ್ಟನ್ನು ಬಿಡಿಸಿ ಹೇಳಲು ಬಿಳಿ ಕೋಟಿನ ಒಬ್ಬರಿಗೂ ಪುರುಸೊತ್ತಿಲ್ಲ. ಕೇಳಿದರೆ, "ನಿಂಗೆ ಅರ್ಥ ಆಗಲ್ಲ, ಸೈನ್ ಹಾಕಪ್ಪ" ಅನ್ನುತ್ತಾರೆ, ಅವನ ಕತ್ತು ಅವನದಲ್ಲವೆಂಬಂತೆ. "ಊರೋರಿಗೆಲ್ಲ ತೋರಿಸಿದ್ದಾತು, ಇನ್ನು ಕುರಿಗಳಿಗೂ ತೋರಿಸು" ಎಂದು ಹೆಂಡತಿ ಹುಚ್ಚಕ್ಕ ಛೇಡಿಸುತ್ತಾಳೆ. ಛೇಡಿಸುತ್ತಿದ್ದಳು, ಮೊನ್ನೆಯವರೆಗೆ. ಮೊನ್ನೆ ಮರಿ ಹಾಕಲಾರದೆ ಒದ್ದಾಡುತ್ತಿದ್ದ ಕುರಿಯ ಹೊಟ್ಟೆಯೊಳಗೆ ಮುದ್ದಪ್ಪ ಎಂದಿನಂತೆ ಬಲಗೈ ಇಟ್ಟ. ಜೋಮು ಹಿಡಿದ ಬೆರಳಿಗೆ ಸಿಕ್ಕಿದ್ದು ಮರಿಯ ಕಾಲೋ ಮೂತಿಯೋ ತಿಳಿಯಲಿಲ್ಲ. ನಲವತ್ತು ವರ್ಷದಲ್ಲಿ ಮೊದಲ ಸಲ ಕೈ ಹೊರಗೆಳೆದು, "ನೀನೇ ನೋಡೇ, ನಂಗೆ ಗೊತ್ತಾಗ್ತಿಲ್ಲ" ಎಂದು ಹುಚ್ಚಕ್ಕನಿಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದ.