ಮೂರು ದಾರಿ ಕೂಡುವಲ್ಲಿ ಬಿಟ್ಟ ಒಂಬತ್ತನೆಯ ಭಾಗ

ಅಂದು ಬೆಳಿಗ್ಗೆಯೂ ರೊಟ್ಟಿ ಬಡಿದು, ಗಂಡನ ಡಬ್ಬಿ ಕಟ್ಟಿ, ಮಗಳ ತಾಟನ್ನು ಅವಳ ಕೋಣೆಯ ಹೊರಗಿಟ್ಟೆ. ಪಿಯುಸಿ ಫಲಿತಾಂಶ ಬಂದಂದಿನಿಂದ ಅವಳು ಬಚ್ಚಲಿಗೆ ಬಿಟ್ಟರೆ ಎಲ್ಲಿಗೂ ಹೊರಬಂದಿರಲಿಲ್ಲ. ತಾಟಿನ ಮೇಲೆ ಮುಚ್ಚಿದ ಬಟ್ಟಲು ಸರಿದಿದೆಯೇ ಎಂದು ಮತ್ತೆ ಮತ್ತೆ ಬಗ್ಗಿ ನೋಡುವುದೇ ನನ್ನ ದಿನವಾಗಿತ್ತು.

ಆ ಬಾಗಿಲು ಬೆರಳಷ್ಟು ತೆರೆಯುತ್ತಿದ್ದುದು ಜಪಾನಿನ ಒಂದು ಮಾಂಗಾ ಚಿತ್ರಕಥೆಗಾಗಿ ಮಾತ್ರ. ಅವಳು ಓದಿ ಹೊರಗಿಟ್ಟ ಭಾಗವನ್ನು ನಾನು ಓದುತ್ತಿದ್ದೆ. ಕಾನ್ವೆಂಟಿನ ಸಿಸ್ಟರ್ ಕಲಿಸಿದಂತೆ ಎಡದಿಂದ ತೆರೆದ ಮೊದಲ ದಿನ ಸಂದಿಯಿಂದ ದನಿ ಬಂತು, "ಮಮ್ಮಿ, ಅದನ್ನ ಹಿಂದಿಂದ ಓದಬೇಕು." ಎಷ್ಟೋ ದಿನಗಳ ಮೇಲೆ ಕೇಳಿದ ಮಾತು.

ಅಣ್ಣನನ್ನು ಕರೆತರಲು ಬಾವಿಯೊಳಗಿನ ಸತ್ತವರ ಊರಿಗೆ ಇಳಿಯುವ ಹುಡುಗಿಯ ಕಥೆ ಅದು. ಒಂದೊಂದು ಬಾಗಿಲಲ್ಲೂ ಅವನ ಒಂದು ನೆನಪನ್ನು ಕಾವಲಿನ ದೆವ್ವಕ್ಕೆ ಕೊಡಬೇಕು. ಆ ದೆವ್ವಗಳಿಗೆ ಕೋರೆಹಲ್ಲಿಲ್ಲ. ಕಾಯ್ದು ಕಾಯ್ದು ಮುಖ ಅಳಿಸಿಹೋದ ಹೆಂಗಸರ ಹಾಗಿವೆ. ನನಗೆ ಅವುಗಳ ಮೇಲೇ ಮರುಕ. ಪುಟವೆಲ್ಲ ಕಪ್ಪು ಮಸಿ, ಹುಡುಗಿಯ ಬರಿಗಾಲಿಗೆ ಮಾತ್ರ ಉಗುರಷ್ಟು ಬಿಳಿ ಬಿಟ್ಟಿರುತ್ತಾರೆ. ಅದನ್ನೇ ದಿಟ್ಟಿಸುತ್ತ ಒಲೆಯ ಮೇಲಿನ ಹಾಲು ಉಕ್ಕಿಸಿದ್ದೇನೆ. ಸಂಜೆ ಬಾಗಿಲಿಗೆ ಬೆನ್ನು ಕೊಟ್ಟು ಕೂತು ಕಥೆಯದೊಂದು ಪ್ರಶ್ನೆ ಕೇಳುತ್ತಿದ್ದೆ. ಅವಳು ಉತ್ತರಿಸುತ್ತಿದ್ದಳು. ನಮ್ಮ ನಡುವೆ ಉಳಿದದ್ದು ಅಷ್ಟೇ.

ಅಂದು ಅಮಾವಾಸ್ಯೆ. ಹಿತ್ತಲಲ್ಲಿ ಬಟ್ಟೆ ಒಗೆದು ಬಂದು ನೋಡಿದರೆ ನಾನು ಅರ್ಧ ಓದಿದ್ದ ಒಂಬತ್ತನೆಯ ಭಾಗ ನನ್ನ ತಲೆದಿಂಬಿನ ಕೆಳಗಿಲ್ಲ. ಊಟ ಮಾಡಿ ಅಡ್ಡಾಗಿದ್ದ ಅತ್ತೆಯನ್ನು ಎಬ್ಬಿಸಿ ಕೇಳಿದೆ.

"ಅದರಾಗಿನ ದೆವ್ವ ಹುಡುಗಿನ್ನ ಹಿಡದೈತಿ. ಹನ್ನೆರಡಕ್ಕ ಅಕಿ ಬಾಗಿಲಿಗೆ ನಿವಾಳಿಸಿ ಮೂರು ದಾರಿ ಕೂಡೋ ಕಡೆ ಇಟ್ಟು ಬಂದೀನಿ. ಹೊಳ್ಳಿ ಸೈತ ನೋಡಿಲ್ಲ."

ಅವರ ಬೆರಳು ಇನ್ನೂ ಲಿಂಬೆಹಣ್ಣು ನಾರುತ್ತಿತ್ತು. ಬೈಯಲಾಗಲಿಲ್ಲ. ಮೊಮ್ಮಗಳಿಗಾಗಿ ಆ ಬಿಸಿಲಲ್ಲಿ ನಡೆದು ಹೋಗಿದ್ದರು.

ಓಡಿದೆ. ನಿವಾಳಿಸಿ ಇಟ್ಟದ್ದನ್ನು ನಮ್ಮ ಬೆಟಗೇರಿಯಲ್ಲಿ ಯಾರೂ ಮುಟ್ಟುವುದಿಲ್ಲ, ದಾಟುವುದೂ ಇಲ್ಲ; ಅದೊಂದೇ ಧೈರ್ಯ. ಕುಂಕುಮ ಹಚ್ಚಿದ ಲಿಂಬೆಹಣ್ಣಿತ್ತು, ಪುಸ್ತಕವಿರಲಿಲ್ಲ. ಗಟಾರದಲ್ಲಿ ಕೈಹಾಕಿ ನೋಡಿದೆ. ಮಗ್ಗದ ಮನೆಯವರನ್ನು ಕೇಳಿದೆ. ಇಲ್ಲ.

ಮಗಳಿಗೆ ಹೇಳುವ ಧೈರ್ಯ ಬರಲಿಲ್ಲ. ಹೇಳಿದರೆ ಆ ಬೆರಳಷ್ಟು ಸಂದಿಯೂ ಮುಚ್ಚಿಹೋಗುತ್ತದೆ. ಹೊತ್ತು ಇಳಿಯುವವರೆಗೂ ಅವಳ ಬಾಗಿಲ ಮುಂದೆ ಕೂತೆ. ಕೇಳಲು ಪ್ರಶ್ನೆಯಿರಲಿಲ್ಲ. ತಾಟಿನ ಬಟ್ಟಲು ಇಟ್ಟಲ್ಲೇ ಇತ್ತು.

ಸಂಜೆ ಒಣಗಿದ ಬಟ್ಟೆ ತೆಗೆಯಲು ಹೋದಾಗ, ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುವ ಬೀಬಿ ತಾನೂ ತಂತಿಯ ಮೇಲಿನ ಚಾದರ ಮಡಚುತ್ತ, ಗೋಡೆಯ ಆಚೆಯಿಂದ ಅಂದಳು:

"ಅಕ್ಕಾರ, ನಿಮ್ಮ ಹುಡುಗಿಗೆ ಅಂಜಿಕಿ ಅನ್ನೂದ ಇಲ್ಲ ನೋಡ್ರಿ. ಮಧ್ಯಾಹ್ನ ನಾ ಕಿಡಕಿ ಕಡೆ ಮಶೀನ್ ಮುಂದ ಕುಂತಿದ್ದೆ, ದಾರಿ ಕೂಡೋದು ಅಲ್ಲಿಂದ ಕಾಣ್ತೈತಿ. ಅಂಥಾ ಬಿಸಲಾಗ ಬರಿಗಾಲಾಗ ಹೋಗಿ, ಲಿಂಬಿಹಣ್ಣ ಕಾಲಿಂದ ಸರಿಸಿ, ಆ ಪುಸ್ತಕ ಎತ್ಗೊಂಡು ಬಂದ್ಲು. ಒಂದ್ ಜೋಡ ಚಪ್ಪಲ್ ಆದ್ರೂ ಕೊಡಸ್ರಿ ಅಕಿಗೆ."